ಗ್ರಂಥಋಣ ಮತ್ತು ಗಾಣಗಾಪುರದ ಆಯಿ

ಕಲಬುರಗಿಯ ಒಂದು ಡಿಟಿಪಿ ಅಂಗಡಿ, ಮಾರ್ಚ್ ತಿಂಗಳ ಉರಿಬಿಸಿಲಿನ ಮಧ್ಯಾಹ್ನ. ನನ್ನ ವಿದ್ಯಾರ್ಥಿಯೊಬ್ಬ ತನ್ನ ಪ್ರಬಂಧದ ಕೊನೆಯ ಪ್ರೂಫ್ ನೋಡಲು ನನ್ನನ್ನೂ ಕರೆದೊಯ್ದಿದ್ದ. ಆಳಂದ ತಾಲ್ಲೂಕಿನ ಹಳ್ಳಿಯ ಹುಡುಗ. ಮನೆಯಲ್ಲಿ ಹೈಸ್ಕೂಲು ದಾಟಿದವನು ಇವನೇ ಮೊದಲಿಗ. ಐದು ಅಧ್ಯಾಯಗಳ ತಿದ್ದುಪಡಿ ಮುಗಿದಿತ್ತು. ಟೈಪ್ ಮಾಡುವಾತ ಕೀಲಿಮಣೆಯಿಂದ ಕೈ ತೆಗೆಯದೇ ಕೇಳಿದ: “ಸರ, ಆಧಾರ ಗ್ರಂಥದ ಪಟ್ಟಿ ನೀವು ಕೊಡ್ತೀರೋ, ನನ್ನ ಬಲ್ಲಿ ಇದ್ದದ್ದೇ ಹಚ್ಚಲ್ಯಾ?”

ಹುಡುಗ ನನ್ನ ಮುಖ ನೋಡಿದ. ಅಂಗಡಿಯವನು ಒಂದು ಕಡತ ತೆರೆದು ತೋರಿಸಿದ. ಜಾನಪದದ ಪ್ರಬಂಧಕ್ಕೆ ಒಂದು ಪಟ್ಟಿ, ವಚನಕ್ಕೆ ಒಂದು, ಶಾಸನಕ್ಕೆ ಒಂದು, ಕಾದಂಬರಿಗೆ ಒಂದು. ಯಾರೋ ಯಾವಾಗಲೋ ಮಾಡಿಸಿದ ಪಟ್ಟಿಗೆ ಮತ್ತೊಬ್ಬರು ಎರಡು ಹೆಸರು ಸೇರಿಸಿದ್ದರು, ಇನ್ನೊಬ್ಬರು ಮೂರು ತೆಗೆಸಿದ್ದರು. ಅಕಾರಾದಿ ಸರಿಯಾಗಿತ್ತು, ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಕಟ್ಟುನಿಟ್ಟಾಗಿದ್ದವು. ಪಟ್ಟಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಶಬ್ದ: ಗ್ರಂಥಋಣ.

ಆ ಶಬ್ದವನ್ನು ಅಲ್ಲಿ ನೋಡಿ ನನಗೆ ನೋವಾಯಿತು. ಪುಸ್ತಕದ ಕೊನೆಗೆ ಬರುವ ಈ ಪಟ್ಟಿಗೆ ಕನ್ನಡದವರು ಹಲವು ಹೆಸರಿಟ್ಟಿದ್ದಾರೆ. ಆಧಾರ ಗ್ರಂಥಗಳು, ಪರಾಮರ್ಶನ ಗ್ರಂಥಗಳು, ಆಕರ ಸೂಚಿ, ಗ್ರಂಥಸೂಚಿ. ಇವುಗಳ ನಡುವೆ ‘ಗ್ರಂಥಋಣ’ ಎಂದು ಮೊದಲು ಬರೆದವರು ಯಾರೋ, ಅವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಉಳಿದ ಹೆಸರುಗಳು ಪುಸ್ತಕಗಳ ಬಗ್ಗೆ ಹೇಳುತ್ತವೆ, ಈ ಹೆಸರು ಬರೆದವನ ಬಗ್ಗೆ ಹೇಳುತ್ತದೆ. ಋಣ ಅಂದಮೇಲೆ ಕೊಟ್ಟವರು ಇರಬೇಕು, ಪಡೆದವರು ಇರಬೇಕು. ಯಾರಿಂದಲೂ ಏನೂ ಪಡೆಯದೇ ಋಣದ ಪಟ್ಟಿ ತಯಾರಿಸಿಕೊಳ್ಳುವುದು ಯಾವ ವ್ಯವಹಾರ?

ಹುಡುಗನ ತಂದೆಗೆ ಊರಲ್ಲಿ ಸಣ್ಣ ಕಿರಾಣಿ ಅಂಗಡಿ. ಹೊರಗೆ ಬಂದು ಚಹಾ ಕುಡಿಯುತ್ತ ಕೇಳಿದೆ: “ನಿಮ್ಮಪ್ಪ ಉದ್ರಿ ಹೆಂಗ ಬರೀತಾರ?”

“ಹೆಸರು, ತಾರೀಖ, ಏನ್ ಒಯ್ದ್ರು, ಎಷ್ಟು, ಎಷ್ಟ ಬಾಕಿ ಅದ. ಇಷ್ಟೂ ಬರೀತಾರ್ರಿ ಸರ. ಒಂದೇ ಹೆಸರಿನವ್ರು ಇಬ್ರಿದ್ರ ಅವ್ರಪ್ಪನ ಹೆಸರೂ ಬರೀತಾರ.”

“ಅಂಗಡಿಗೇ ಬರಲಾರದವ್ರ ಹೆಸರಿಗಿ ಬರೀತಾರೇನು?”

“ಹಂಗ ಹ್ಯಾಂಗ ಬರೀತಾರ್ರಿ ಸರ!” ಅಂದವನೇ ಸುಮ್ಮನಾದ. ಕಪ್ಪು ಕೆಳಗಿಟ್ಟು ಒಳಗೆ ಹೋಗಿ, ಪಟ್ಟಿ ತಾನೇ ಬರೆದು ತರುತ್ತೇನೆಂದು ಹೇಳಿ ಬಂದ.

ಗ್ರಂಥಋಣದ ವಿಧಾನವೆಲ್ಲ ಅವನ ತಂದೆಯ ಉದ್ರಿ ಪುಸ್ತಕದಲ್ಲಿದೆ. ಯಾರು, ಯಾವಾಗ, ಏನು, ಎಲ್ಲಿ, ಎಷ್ಟನೇ ಪುಟ. ಲೇಖಕರ ಹೆಸರು, ಅಚ್ಚಾದ ವರ್ಷ, ಪುಸ್ತಕದ ಹೆಸರು, ಪ್ರಕಾಶಕರು, ಊರು. ಪತ್ರಿಕೆಯಾದರೆ ಸಂಪುಟ, ಸಂಚಿಕೆ. ಮುದ್ರಣ ಎಷ್ಟನೆಯದೆಂದು ಯಾಕೆ ಬರೆಯಬೇಕು ಎಂದು ಮಕ್ಕಳು ಕೇಳುತ್ತಾರೆ. ಮೊದಲ ಮುದ್ರಣದ 84ನೇ ಪುಟದಲ್ಲಿದ್ದ ಮಾತು ಮೂರನೇ ಮುದ್ರಣದಲ್ಲಿ 97ಕ್ಕೆ ಸರಿದಿರುತ್ತದೆ, ನಮ್ಮ ಮಾತು ನಂಬಿ ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಮರಳುತ್ತಾರೆ. ಅಲ್ಪವಿರಾಮ, ಓರೆ ಅಕ್ಷರ, ಆವರಣ ಚಿಹ್ನೆ ಎಲ್ಲವೂ ನಮ್ಮ ಹಿಂದೆ ಬರುವವರಿಗಾಗಿ ದಾರಿಯಲ್ಲಿ ನೆಟ್ಟ ಕಲ್ಲುಗಳು. ಕಲ್ಲು ನೆಟ್ಟಗಿರಲಿ, ನಾನು ಬೇಡ ಎನ್ನುವುದಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ ಇಂಥ ನಿಯಮಗಳನ್ನು 1929ರಲ್ಲಿ ಮೊದಲು ಪ್ರಕಟಿಸಿದಾಗ ಅದು ಏಳು ಪುಟದ ಲೇಖನವಾಗಿತ್ತು. 2019ರಲ್ಲಿ ಬಂದ ಅದರ ಏಳನೇ ಆವೃತ್ತಿ, ನಾವೆಲ್ಲ ಎಪಿಎ ಎಂದು ಕರೆಯುವ ಪುಸ್ತಕ, ನಾನೂರು ಪುಟ ದಾಟಿದೆ. ನಮ್ಮ ಮಕ್ಕಳು ಅದನ್ನು ನೋಡಿ ಹೆದರುತ್ತಾರೆ. ಆ ಹೆದರಿಕೆಯೇ ಅವರನ್ನು ಡಿಟಿಪಿ ಅಂಗಡಿಯ ಸಿದ್ಧ ಪಟ್ಟಿಯ ಕಡೆಗೆ ತಳ್ಳುತ್ತದೆ.

ಅವರನ್ನು ಬೈಯುವ ಮೊದಲು ಅವರು ಎಲ್ಲಿಂದ ಬಂದವರೆಂದು ನೆನೆಯಬೇಕು. ಗುಲಬರ್ಗಾ ವಿಶ್ವವಿದ್ಯಾಲಯ ಆರಂಭವಾದದ್ದು 1980ರಲ್ಲಿ, ಅದಕ್ಕೂ ಮೊದಲು ಅಲ್ಲಿದ್ದದ್ದು ಧಾರವಾಡದವರ ಸ್ನಾತಕೋತ್ತರ ಕೇಂದ್ರ. ಆಳಂದ ತಾಲ್ಲೂಕಿನ ಕಡಗಂಚಿಗೆ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ತೊಗರಿ ಹೊಲದ ಪಕ್ಕದಲ್ಲೇ ವಿಶ್ವವಿದ್ಯಾಲಯ ಎದ್ದಿತು. ಆದರೆ ಅಡಿಟಿಪ್ಪಣಿ ಎಂದರೇನೆಂದು ಹೇಳಿಕೊಡಲು ಮನೆಯಲ್ಲಿ ಅಣ್ಣನಿಲ್ಲ, ಅಕ್ಕನಿಲ್ಲ. ಅಫಜಲಪುರದಿಂದ, ಜೇವರ್ಗಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮರಳುವ ಮಗುವಿಗೆ ಗ್ರಂಥಾಲಯದಲ್ಲಿ ಸಿಗುವುದು ಮೂರು ತಾಸು.

ಹೆಸರು ಬರೆಯುವ ತೊಡಕಂತೂ ಅವರು ತಂದುಕೊಂಡದ್ದಲ್ಲ. ಮನೆತನದ ಹೆಸರು ಮೊದಲು, ಆಮೇಲೆ ಇನಿಷಿಯಲ್ಲು ಎನ್ನುವ ನಿಯಮ ಇನ್ನೊಂದು ದೇಶದ ಹೆಸರುಗಳಿಗಾಗಿ ಮಾಡಿದ್ದು. ನಮ್ಮ ಉತ್ತರದವರಿಗೆ ಅಡ್ಡಹೆಸರಿದೆ: ಕಲಬುರ್ಗಿ, ಎಂ.ಎಂ.; ಹಳಕಟ್ಟಿ, ಫ.ಗು. ಅದು ಸರಿಹೋಗುತ್ತದೆ. ಮೈಸೂರು ಕಡೆಯವರಿಗೆ ಅದಿಲ್ಲ. ಎಂ. ಚಿದಾನಂದಮೂರ್ತಿ ಅವರನ್ನು ‘ಮೂರ್ತಿ, ಎಂ. ಚಿದಾನಂದ’ ಎಂದು ಮುರಿದು ಬರೆದದ್ದನ್ನು ನಾನು ಎಷ್ಟೋ ಪ್ರಬಂಧಗಳಲ್ಲಿ ತಿದ್ದಿದ್ದೇನೆ. ಕುವೆಂಪು ಅವರನ್ನು ‘ಕ’ದಲ್ಲಿ ಹುಡುಕಬೇಕೋ, ‘ಪುಟ್ಟಪ್ಪ’ ಎಂದು ‘ಪ’ದಲ್ಲೋ? ಹೆಂಗಸರ ಹೆಸರಿಗೆ ಬಂದರೆ ಎಷ್ಟೋ ಕಡೆ ಗಂಡನ ಹೆಸರೇ ಮುಂದೆ ಹೋಗಿ ಬರೆದಾಕೆಯ ಹೆಸರು ಒಂದು ಅಕ್ಷರವಾಗಿ ಹಿಂದೆ ಉಳಿಯುತ್ತದೆ. ನಾನು ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ. ಬರೆದವರು ತಮ್ಮ ಪುಸ್ತಕದ ಮುಖಪುಟದ ಮೇಲೆ ತಮ್ಮನ್ನು ಹೇಗೆ ಕರೆದುಕೊಂಡಿದ್ದಾರೋ ಹಾಗೆ ಕರೆಯಿರಿ, ಪಟ್ಟಿಯುದ್ದಕ್ಕೂ ಒಂದೇ ಕ್ರಮವಿರಲಿ.

ಹೆಸರಿನ ಮಾತು ಬಂದಾಗ ನನಗೆ ಜೇವರ್ಗಿ ನೆನಪಾಗುತ್ತದೆ. 17ನೇ ಶತಮಾನದಲ್ಲಿ ಅಲ್ಲಿ ಷಣ್ಮುಖ ಶಿವಯೋಗಿಗಳು ಇದ್ದರು. ಏಳುನೂರಕ್ಕೂ ಹೆಚ್ಚು ವಚನ ಬರೆದವರು. ಅವರ ಅಂಕಿತ ‘ಅಖಂಡೇಶ್ವರ’. ಅದು ಅವರ ಗುರುಗಳ ಹೆಸರು. ತಾವು ಬರೆದ ಪ್ರತಿಯೊಂದರ ಕೊನೆಗೂ ತಮಗೆ ಕಲಿಸಿದವರ ಹೆಸರಿಟ್ಟರು. ಇಂದಿಗೂ ಆ ವಚನಗಳನ್ನು ಓದುವವರ ಬಾಯಲ್ಲಿ ಕೊನೆಗೆ ಉಳಿಯುವುದು ಗುರುವಿನ ಹೆಸರು. ಇದಕ್ಕಿಂತ ಪೂರ್ತಿಯಾದ ಗ್ರಂಥಋಣವನ್ನು ನಾನು ಕಂಡಿಲ್ಲ. ನಮ್ಮ ಪ್ರಬಂಧಗಳಲ್ಲಿ ಗುರುಗಳಿಗೆ ‘ಕೃತಜ್ಞತೆಗಳು’ ಎಂಬ ಒಂದು ಪುಟ ಮೀಸಲಿಡುತ್ತೇವೆ. ಮಾರ್ಗದರ್ಶಕರಿಗೆ, ತಂದೆತಾಯಿಗೆ, ಅಂದವಾಗಿ ಟೈಪ್ ಮಾಡಿಕೊಟ್ಟವರಿಗೆ. ಅಲ್ಲಿಗೆ ಆ ಬಾಕಿ ಚುಕ್ತಾ ಆಯಿತೆಂದು ತಿಳಿಯುತ್ತೇವೆ.

ಅಂಕಿತ ಬರೀ ಭಕ್ತಿಯ ಮಾತೂ ಆಗಿರಲಿಲ್ಲ. ಓಲೆಗರಿ ಕೈಯಿಂದ ಕೈಗೆ ದಾಟಿ, ಬಾಯಿಂದ ಬಾಯಿಗೆ ಹೋಗಿ ಮುನ್ನೂರು, ಐನೂರು ವರ್ಷ ಕಳೆದ ಮೇಲೂ ಇದು ಇಂಥವರ ಮಾತೆಂದು ಗುರುತಿಸಲು ನಮಗೆ ಉಳಿದ ಗುರುತು ಅದೊಂದೇ. ವಿಜಾಪುರದಲ್ಲಿ ಕೂತು ಫ.ಗು. ಹಳಕಟ್ಟಿಯವರು ಊರೂರಿನ ಓಲೆಗರಿ ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿದಾಗ ಅವರ ಕೈ ಹಿಡಿದದ್ದೂ ಅಂಕಿತವೇ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚಾದ ಒಂದು ಪುಸ್ತಕವನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಮುಗಿಯಿತು. ಒಂದು ಅಂಕಿತಕ್ಕಾಗಿ ಇಷ್ಟು ಜನ, ಇಷ್ಟು ವರ್ಷ ನೊಂದರು. ಹೆಸರು ಅಂದರೆ ನಮ್ಮ ಜನಕ್ಕೆ ಏನೆಂಬುದಕ್ಕೆ ಬೇರೆ ಪುರಾವೆ ಬೇಡ.

ಹಳೆಯ ಶಾಸ್ತ್ರಗ್ರಂಥಗಳಲ್ಲಿ ಬೇರೆಯವರ ಮಾತನ್ನು ಎತ್ತಿ ತರುವಾಗ ಅದರ ಮುಂದೆ ‘ಸಾಕ್ಷಿ’ ಎಂದು ಬರೆಯುವುದಿತ್ತು. ಈ ಶಬ್ದವನ್ನು ನಾವು ಉಳಿಸಿಕೊಳ್ಳಬೇಕಿತ್ತು. ಉಲ್ಲೇಖ ಎನ್ನುವಾಗ ಬರೀ ಪ್ರಸ್ತಾಪ ಮಾಡಿದಂತೆ ಆಗುತ್ತದೆ. ಸಾಕ್ಷಿ ಎಂದಾಗ ಒಬ್ಬ ಮನುಷ್ಯನನ್ನು ಕೈ ಹಿಡಿದು ಕಟ್ಟೆಯ ಮುಂದೆ ತಂದು ನಿಲ್ಲಿಸಿದಂತೆ. ನಮ್ಮ ಹಳ್ಳಿಗಳಲ್ಲಿ ಪಂಚರು ಕೂತಾಗ ಸಾಕ್ಷಿಗೆ ಬಂದವನನ್ನು ಕೇಳುವ ಮೊದಲ ಮಾತು, “ನೀ ಕಣ್ಣಾರೆ ಕಂಡೀಯೇನು?” ಇಲ್ಲ, ಅವರಿವರು ಅಂದದ್ದು ಕೇಳಿದ್ದೇನೆ ಎಂದರೆ, “ಯಾರಂದ್ರು, ಅವರ್ನ ಕರಿ” ಎನ್ನುತ್ತಾರೆ. ಸಂಶೋಧನೆಯ ನೀತಿಯೆಲ್ಲ ಈ ಎರಡು ಪ್ರಶ್ನೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಒಂದು ಉದಾಹರಣೆ ನಮ್ಮ ಆಳಂದದ್ದೇ. ಶಿವಶರಣ ಏಕಾಂತದ ರಾಮಯ್ಯ ನಮ್ಮ ಊರಿನವನು ಎಂದು ಆಳಂದದವರು ಹೆಮ್ಮೆಯಿಂದ ಹೇಳುತ್ತೇವೆ. ಪ್ರಬಂಧಗಳಲ್ಲೂ ಹಾಗೇ ಬರೆಯುತ್ತಾರೆ, ಕೆಳಗೆ ಇತ್ತೀಚಿನ ಯಾವುದೋ ಪುಸ್ತಕದ ಹೆಸರು ಹಾಕುತ್ತಾರೆ. ಆ ಪುಸ್ತಕಕ್ಕೆ ಯಾರು ಹೇಳಿದರು? ಅದರ ಹಿಂದಿನ ಪುಸ್ತಕ. ಅದಕ್ಕೆ? ಹೀಗೆ ಹಿಂದೆ ಹಿಂದೆ ನಡೆದರೆ ಕೊನೆಗೆ ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಸಂಪಾದಿಸಿದ ಅಬ್ಬಲೂರಿನ ಶಾಸನದ ಮುಂದೆ ಬಂದು ನಿಲ್ಲುತ್ತೇವೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯ ಆ ಕಲ್ಲಿನಲ್ಲಿ ರಾಮಯ್ಯನ ಊರು ‘ಅಲಂದೆ’ ಎಂದಿದೆ, ಅದು ಇಂದಿನ ಆಳಂದ ಎಂದು ಗುರುತಿಸಿದ್ದಾರೆ. ಆ ಕಲ್ಲಿನ ಹತ್ತಿರ ಹೋಗಿ ಬಂದವನಿಗೆ ಮಾತ್ರ ‘ಎಂದಿದೆ’ ಮತ್ತು ‘ಎಂದು ಗುರುತಿಸಿದ್ದಾರೆ’ ಎಂಬ ಎರಡು ಮಾತಿನ ನಡುವಿನ ಅಂತರ ತಿಳಿಯುತ್ತದೆ. ಹೋಗಲು ಆಗದಿದ್ದರೆ ಅವಮಾನವೇನೂ ಇಲ್ಲ. ಇಂಥವರ ಪುಸ್ತಕದಲ್ಲಿ ಉದ್ಧರಿಸಿದ್ದನ್ನು ನೋಡಿದೆ ಎಂದು ಬರೆದರೆ ಮುಗಿಯಿತು. ಕಾಣದ ಕಲ್ಲನ್ನು ಕಂಡೆ ಎಂದು ಬರೆಯುವಾಗ ಅದು ಸುಳ್ಳು ಸಾಕ್ಷಿಯಾಗುತ್ತದೆ.

ಸುಳ್ಳು ಸಾಕ್ಷಿ ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ, ಬೀಳುವುದು ಸಣ್ಣ ತಪ್ಪಿನಿಂದ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭೌತವಿಜ್ಞಾನದ ಒಂದೇ ಒಂದು ಹೆಸರಾಂತ ಲೇಖನದ ಉಲ್ಲೇಖಗಳನ್ನು ಜಾಲಾಡಿದರು. ಸುಮಾರು 4,300 ಉಲ್ಲೇಖಗಳಲ್ಲಿ 196 ಕಡೆ ಪುಟಸಂಖ್ಯೆಯೋ ಸಂಪುಟವೋ ವರ್ಷವೋ ತಪ್ಪಾಗಿ ಅಚ್ಚಾಗಿತ್ತು. ಆದರೆ ಬೇರೆ ಬೇರೆ ತಪ್ಪುಗಳು ಇದ್ದದ್ದು 45 ಮಾತ್ರ. ಒಂದೇ ತಪ್ಪು 78 ಸಲ ಮರಳಿ ಬಂದಿತ್ತು. ಮೂಲ ತೆರೆದು ನೋಡಿದವರೆಲ್ಲ ಒಂದೇ ತಪ್ಪನ್ನು ಮಾಡಲಾರರು, ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಇಳಿಸಿಕೊಂಡಿದ್ದಾರೆ. ಉಲ್ಲೇಖಿಸಿದವರಲ್ಲಿ ಮೂಲವನ್ನು ಓದಿದವರು ನೂರಕ್ಕೆ ಇಪ್ಪತ್ತರಷ್ಟು ಎಂದು ಅವರು ಅಂದಾಜು ಹಾಕಿದರು. ನಮ್ಮ ಡಿಟಿಪಿ ಅಂಗಡಿಯ ಕಡತದಂಥದ್ದು ದೊಡ್ಡ ದೊಡ್ಡ ದೇಶಗಳಲ್ಲೂ ಇದೆ ಎಂದು ತಿಳಿದಾಗ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು.

ಈಗ ಆ ಕಡತವೂ ಬೇಡ. ಕೇಳಿದರೆ ಎಐ ಯಂತ್ರವೇ ಪಟ್ಟಿ ಕಟ್ಟಿಕೊಡುತ್ತದೆ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರು ನಿಜ, ಲೇಖನ ಮಾತ್ರ ಯಾರೂ ಬರೆದೇ ಇಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರಿನಲ್ಲಿ ಒಂದು ಆದೇಶ ಹೊರಡಿಸಿ, ಆಮೇಲೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದರಲ್ಲಿ ಆಧಾರವಾಗಿ ತೋರಿಸಿದ್ದ ತೀರ್ಪುಗಳಲ್ಲಿ ಕೆಲವು ಇರಲೇ ಇಲ್ಲ. ನ್ಯಾಯದ ಮನೆಯಲ್ಲೇ ಇಲ್ಲದ ಸಾಕ್ಷಿ ಹೀಗೆ ಒಳಗೆ ಬಂದು ಕೂರಬಹುದಾದರೆ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಕೂತ ಹುಡುಗನನ್ನು ತಡೆಯುವವರು ಯಾರು? ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮ ಮಾಡಿತು. ಹೋಲಿಕೆ ನೂರಕ್ಕೆ ಹತ್ತರ ಒಳಗಿದ್ದರೆ ದಂಡವಿಲ್ಲ, ಅರವತ್ತು ದಾಟಿದರೆ ನೋಂದಣಿಯೇ ರದ್ದು. ಈ ಅಳತೆಯಲ್ಲಿ ಆಧಾರ ಗ್ರಂಥಗಳ ಪಟ್ಟಿಯನ್ನು ಎಣಿಸುವುದಿಲ್ಲ. ಅಂದರೆ ಸುಳ್ಳು ಪಟ್ಟಿಯನ್ನು ಹಿಡಿಯುವ ಕೆಲಸ ಹೋಲಿಕೆ ಅಳೆಯುವ ಯಂತ್ರದ್ದಲ್ಲ, ಓದುವ ಮೇಷ್ಟರದ್ದು. ನಾವು ಮೇಷ್ಟರು ಕೊನೆಯ ಪುಟಗಳನ್ನು ತೆರೆದು ನೋಡದೇ ಸಹಿ ಹಾಕಿದರೆ ಹುಡುಗನ ಸುಳ್ಳಿಗೆ ನಾವೂ ಸಾಕ್ಷಿ ಹಾಕಿದಂತೆ.

ಹೆಸರು ಹೇಳುವುದರಿಂದ ಏನಾಗುತ್ತದೆ ಎನ್ನುವವರು ಒಮ್ಮೆ ಮಳಖೇಡಕ್ಕೆ ಹೋಗಿ ಬರಬೇಕು. ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಂಡೆ. ರಾಷ್ಟ್ರಕೂಟರ ರಾಜಧಾನಿ ಇದ್ದ ಜಾಗ. 9ನೇ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಆ ಕೃತಿ ತನಗಿಂತ ಹಿಂದೆ ಕನ್ನಡದಲ್ಲಿ ಬರೆದವರ ಹೆಸರು ಹೇಳುತ್ತದೆ. ಗದ್ಯ ಬರೆದವರು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಆಗ ಬರೆದ ಕನ್ನಡ ಕಾವ್ಯ, ಕನ್ನಡ ಗದ್ಯ ನಮ್ಮ ಕೈಗೆ ಬಂದಿಲ್ಲ. ಓಲೆಗರಿಗಳು ಹುಳು ಹಿಡಿದವೋ, ಸುಟ್ಟವೋ, ನೀರು ಪಾಲಾದವೋ. ಒಬ್ಬ ತನಗಿಂತ ಹಿರಿಯರ ಹೆಸರುಗಳನ್ನು ಒಂದೆಡೆ ಜೋಡಿಸಿ ಹೇಳಿದ ಕಾರಣಕ್ಕೇ ಹನ್ನೊಂದು ಶತಮಾನ ಕಳೆದ ಮೇಲೆ ನಮ್ಮ ಮಕ್ಕಳು ಅವರ ಹೆಸರನ್ನು ಪರೀಕ್ಷೆಗೆ ಓದುತ್ತಾರೆ. ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥದ ಒಳಗೇ ಗ್ರಂಥಋಣವಿದೆ. ಅವರು ಏನು ಬರೆದರೋ, ಹೇಗೆ ಬರೆದರೋ ತಿಳಿಯದು. ಇದ್ದರು ಎಂಬುದು ಗೊತ್ತು. ನನಗೆ ಆ ಸಾಲುಗಳನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಗಂಟಲು ಕಟ್ಟುತ್ತದೆ. ಸತ್ತವರ ಮನೆಯಲ್ಲಿ ಉಳಿದ ಒಂದೇ ದೀಪದಂತೆ ಆ ಪಟ್ಟಿ ಉರಿಯುತ್ತಿದೆ.

ನಮ್ಮ ಕಲಬುರಗಿ ಜಿಲ್ಲೆಯದೇ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಅವನ ಧರ್ಮಶಾಸ್ತ್ರ ಗ್ರಂಥ ‘ಮಿತಾಕ್ಷರ’ದಲ್ಲಿ ಒಪ್ಪಿದವರಷ್ಟೇ ಅಲ್ಲ, ಒಪ್ಪದವರೂ ಹೆಸರು ಹಿಡಿದು ಬರುತ್ತಾರೆ. ಧಾರೇಶ್ವರ ಹೀಗೆ ಹೇಳುತ್ತಾನೆ, ಅದು ಸರಿಯಲ್ಲ, ಯಾಕೆಂದರೆ ಇಂಥದ್ದು. ವೈರಿಗೂ ಸಲ್ಲಬೇಕಾದ ಸಾಲುಗಳನ್ನು ಸಲ್ಲಿಸಿಯೇ ವಾದಕ್ಕೆ ಇಳಿಯುವ ಈ ದೊಡ್ಡಗುಣ ನಮ್ಮ ಇವತ್ತಿನ ಬರಹಗಳಲ್ಲಿ ಕಡಿಮೆಯಾಗಿದೆ. ‘ಕೆಲವರು ಹೇಳುವಂತೆ’ ಎಂದು ಬರೆದು ಮುಂದೆ ಹೋಗುತ್ತೇವೆ.

ಇಷ್ಟೆಲ್ಲ ಹೇಳುವ ನಾನು ಒಂದು ಋಣ ಉಳಿಸಿಕೊಂಡಿದ್ದೇನೆ. ಅದನ್ನು ಹೇಳದೇ ಈ ಬರಹ ಮುಗಿಸಿದರೆ ನಾನೂ ಸುಳ್ಳು ಸಾಕ್ಷಿ.

1994ರಲ್ಲಿ ಎಂ.ಫಿಲ್. ಕಿರುಪ್ರಬಂಧಕ್ಕಾಗಿ ಬೀಸುವ ಹಾಡು ಸಂಗ್ರಹಿಸುತ್ತ ಜೇವರ್ಗಿ ತಾಲ್ಲೂಕಿನ ಭೀಮೆಯ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಒಬ್ಬ ಮುದುಕಿ ಇದ್ದಳು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಿಂದ ಸೊಸೆಯಾಗಿ ಬಂದಾಕೆ, ಹಾಗಾಗಿ ಊರಿಗೆಲ್ಲ ಗಾಣಗಾಪುರದ ಆಯಿ. ನಮ್ಮ ಕಡೆ ಹೆಂಗಸರನ್ನು ತವರೂರಿನ ಹೆಸರಿನಿಂದ ಕರೆಯುವುದೇ ರೂಢಿ. ನಾನೂ ಹಾಗೇ ಕರೆದೆ. ಮೂರು ದಿನ ಆಕೆಯ ಪಡಸಾಲೆಯಲ್ಲಿ ಕೂತೆ. ಜೋಳ ಮುಗಿದಿದ್ದರೂ ಕಲ್ಲು ತಿರುಗಿಸುತ್ತಿದ್ದಳು, ಕೈ ಆಡದೇ ಹಾಡು ಬಾಯಿಗೆ ಬರುವುದಿಲ್ಲ ಎಂದು. ನನ್ನ ಬಳಿ ಸಾಲ ಮಾಡಿ ತಂದ ಟೇಪ್ ರೆಕಾರ್ಡರ್, ಅರವತ್ತು ನಿಮಿಷದ ನಾಲ್ಕು ಕ್ಯಾಸೆಟ್ಟು.

ಆಯಿಗೆ ಒಂದು ಅಭ್ಯಾಸ. ಪ್ರತಿ ಹಾಡು ಶುರು ಮಾಡುವ ಮೊದಲು ಕಲ್ಲು ನಿಲ್ಲಿಸಿ ಹೇಳುತ್ತಿದ್ದಳು: “ಇದು ನಮ್ಮವ್ವಂದು ಮಗಾ.” ಮುಂದಿನದಕ್ಕೆ: “ಇದು ನಮ್ಮತ್ತಿ ಕಲಿಸ್ಯಾಳ. ಬಾಳ ಕೆಟ್ಟಾಕಿ ಇದ್ಳು, ಖರೆ ಹಾಡು ಮಾತ್ರ ಬಾಯಿ ತುಂಬ ಕೊಟ್ಟಾಳ.” ಇನ್ನೊಂದಕ್ಕೆ: “ಇದು ನಂದಲ್ಲ. ಸಂಗಮದಾಗ ಜಳಕಕ್ಕ ಬಂದಾಗ ಸೊಲ್ಲಾಪುರ ಕಡೀ ಒಬ್ಬಾಕಿ ಹಾಡ್ಲತ್ತಿದ್ಳು. ಮುಂದಿಂದು ಎರಡು ಸಾಲು ಆಕೀವು, ಹಿಂದಿಂದು ಒಂದು ನಾ ಕೂಡಿಸೀನಿ.”

ನಾನೇನು ಮಾಡುತ್ತಿದ್ದೆ ಗೊತ್ತೇ? ಆಕೆ ಈ ಮಾತು ಶುರು ಮಾಡಿದೊಡನೆ ಟೇಪಿನ ಗುಂಡಿ ಒತ್ತಿ ನಿಲ್ಲಿಸುತ್ತಿದ್ದೆ. ಕ್ಯಾಸೆಟ್ ಉಳಿಸಲು. ಹಾಡು ಶುರುವಾದ ಮೇಲೆ ಮತ್ತೆ ಒತ್ತುತ್ತಿದ್ದೆ. ಅಕ್ಷರ ಬಾರದ ಆ ತಾಯಿ ತನ್ನ ಒಂದೊಂದು ಹಾಡಿನ ಋಣವನ್ನೂ ಸಾಲು ಎಣಿಸಿ ಒಪ್ಪಿಸುತ್ತಿದ್ದಳು. ಅವ್ವನದು ಅವ್ವನಿಗೆ, ಅತ್ತೆಯದು ಅತ್ತೆಗೆ, ಹೆಸರು ತಿಳಿಯದಾಕೆಯದು ಆಕೆಗೆ. ಪದವಿಗಾಗಿ ಬಂದ ನಾನು ಅದನ್ನು ಅಳಿಸುತ್ತಿದ್ದೆ. ನನ್ನ ಕಿರುಪ್ರಬಂಧದ ಅನುಬಂಧದಲ್ಲಿ ಆಕೆಯ 61 ಹಾಡುಗಳಿವೆ. ಹಾಡಿದವರ ಹೆಸರಿನ ಜಾಗದಲ್ಲಿ ‘ವಯಸ್ಸಾದ ಹೆಣ್ಣುಮಗಳು, ಜೇವರ್ಗಿ ತಾಲ್ಲೂಕು’ ಎಂದು ಬರೆದಿದ್ದೇನೆ. ಗ್ರಂಥಋಣದಲ್ಲಿ 48 ಪುಸ್ತಕಗಳಿವೆ, ಎಲ್ಲ ಅಕಾರಾದಿಯಲ್ಲಿ, ಒಂದು ಅಲ್ಪವಿರಾಮವೂ ತಪ್ಪಿಲ್ಲ. ಪರೀಕ್ಷಕರು ಅದನ್ನು ಮೆಚ್ಚಿ ಮಾತಾಡಿದರು.

ಯಾರೂ ಕೇಳಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಿಯಮಗಳೂ ನನ್ನ ಬೆನ್ನಿಗೆ ನಿಲ್ಲುತ್ತವೆ. ಎಪಿಎ ಪ್ರಕಾರ ಸಂಶೋಧಕ ತಾನೇ ಕೇಳಿಸಿಕೊಂಡ ಬಾಯಿಮಾತು ಕೊನೆಯ ಪಟ್ಟಿಗೆ ಸೇರುವಂತಿಲ್ಲ, ಒಳಗಡೆ ಒಂದು ಆವರಣದಲ್ಲಿ ಹೇಳಿ ಬಿಡಬೇಕು. ಓದುಗ ಹುಡುಕಿ ಹೋಗಿ ನೋಡಲು ಸಾಧ್ಯವಿರುವುದು ಮಾತ್ರ ಪಟ್ಟಿಗೆ ಎಂಬುದು ಅದರ ತರ್ಕ. ತರ್ಕ ಸರಿ. ಆದರೆ ಈ ಸೀಮೆಯ ಬೀಸುವ ಹಾಡು, ಸೋಬಾನೆ, ತತ್ವಪದ ಎಲ್ಲ ಇರುವುದು ಬಾಯಲ್ಲೇ. ಅಚ್ಚಾದದ್ದಕ್ಕೆ ಮಾತ್ರ ಹೆಸರು ಎಂದರೆ ಹಾಡಿದಾಕೆ ಅಲ್ಲ, ಹಾಡನ್ನು ಅಚ್ಚು ಹಾಕಿದವನು ಮಾತ್ರ ಪಟ್ಟಿಗೆ ಬರುತ್ತಾನೆ. ಎಷ್ಟೋ ಹಳೆಯ ಜನಪದ ಗೀತಸಂಗ್ರಹಗಳ ಮುಖಪುಟದಲ್ಲಿ ಸಂಗ್ರಹಕಾರರ ಹೆಸರಿದೆ, ಒಳಗೆ ಎಲ್ಲೂ ಹಾಡಿದವರ ಹೆಸರಿಲ್ಲ. ಕೆನಡಾದಲ್ಲಿ ಲೊರಿಸಿಯಾ ಮೆಕ್ಲೌಡ್ ಎಂಬ ಗ್ರಂಥಪಾಲಕಿ ಈ ಅನ್ಯಾಯವನ್ನು ಕಂಡು, ಮೂಲನಿವಾಸಿ ಹಿರಿಯರ ಬಾಯಿಮಾತನ್ನು ಪುಸ್ತಕದಷ್ಟೇ ಗೌರವದಿಂದ ಪಟ್ಟಿಗೆ ಸೇರಿಸುವ ಮಾದರಿಯೊಂದನ್ನು ರೂಪಿಸಿ 2021ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಹೆಸರು, ಅವರ ಜನ, ಅವರ ನೆಲ, ಕಲಿಸಿದ ವಿಷಯ, ದಿನಾಂಕ. ನಾನದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆಯಿ 1994ರಲ್ಲೇ ಇಷ್ಟನ್ನೂ ಹೇಳಿದ್ದಳಲ್ಲ, ಗುಂಡಿ ಒತ್ತಿದ್ದು ನನ್ನ ಬೆರಳು.

ಈ ಬೇಸಿಗೆಯಲ್ಲಿ ಮತ್ತೆ ಆ ಊರಿಗೆ ಹೋದೆ. ಡಿಟಿಪಿ ಅಂಗಡಿಯ ಹುಡುಗ, ತನ್ನ ಪ್ರಬಂಧ ಸಲ್ಲಿಸಿದ್ದವನು, ಜೊತೆಗೆ ಬಂದ. ಆಯಿ ತೀರಿಕೊಂಡು ಬಹಳ ವರ್ಷವಾಗಿದೆ. ಮೊಮ್ಮಗ ಇದ್ದ, ಸಂತೋಷದಿಂದ ಒಳಗೆ ಕರೆದ. ಹೆಸರು ಕೇಳಿದೆ. ಒಂದು ಕ್ಷಣ ತಡೆದು, “ನಾವು ಆಯೀ ಅಂತೇ ಕರೀತಿದ್ದಿವ್ರಿ” ಅಂದ. ಟ್ರಂಕು ತೆಗೆದು ಹಳೆಯ ರೇಷನ್ ಕಾರ್ಡು ತಂದ, ಅದರಲ್ಲಿ ಒಂದು ಹೆಸರು. ಮತದಾರರ ಚೀಟಿ ತಂದ, ಅದರಲ್ಲಿ ಅದೇ ಹೆಸರಿನ ಬಾಲ ಬೇರೆ. ಗೋಡೆಯ ಮೇಲಿನ ಫೋಟೋದ ಕೆಳಗೆ ಸ್ಟುಡಿಯೋದವರು ಬರೆದದ್ದು ಮೂರನೆಯ ಬಗೆ. ಓಲೆಗರಿ ಓದುವವರು ಪಾಠಾಂತರ ಎನ್ನುತ್ತಾರಲ್ಲ, ಹಾಗೆ. ಮೂರನ್ನೂ ಬರೆದುಕೊಂಡೆ. ಖಾತ್ರಿಯಾಗುವ ತನಕ ಅಚ್ಚಿಗೆ ಕೊಡಬಾರದು, ಅದಕ್ಕೇ ಇಲ್ಲೂ ಬರೆಯುತ್ತಿಲ್ಲ.

ನಾವು ಮಾತಾಡುವುದನ್ನು ಕೇಳುತ್ತ ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಅಲ್ಲಿಂದಲೇ ಹೇಳಿದಳು: “ಅದು ಗಂಡನ ಮನ್ಯಾಗ ಇಟ್ಟ ಹೆಸರ್ರಿ. ಅಕ್ಕಿಕಾಳು ಬಿದ್ದ ಮ್ಯಾಲ ಇಟ್ಟದ್ದು. ತವರಾಗಿಂದು ಬ್ಯಾರೇ ಇತ್ತು. ಹಾಡೆಲ್ಲ ಕಲ್ತದ್ದು ಆ ಹೆಸರಿನ್ಯಾಗ.”

“ಆ ಹೆಸರೇನಿತ್ತು ಆಯಿ?”

“ನಂಗ ಗೊತ್ತಿಲ್ಲಪ್ಪ. ನಾ ಬರೂದ್ರಾಗ ಆಕಿ ಗಾಣಗಾಪುರದಾಕಿ ಆಗಿದ್ಳು. ಆಕಿ ತಮ್ಮನ ಮಕ್ಕಳು ಅದಾರ ಅಲ್ಲಿ, ಗುಡಿ ಹಿಂದಿನ ಓಣ್ಯಾಗ. ಹೋಗಿ ಕೇಳ್ರಿ, ಅವರಿಗಿ ಗೊತ್ತಿರ್ತದ.”

ಗಡಿಯಾರ ನೋಡಿದೆ. ಜೇವರ್ಗಿಗೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು, ಅಲ್ಲಿಂದ ಗಾಣಗಾಪುರದ ದಾರಿ ಹಿಡಿಯಬೇಕು. ಚೀಲ ಹೆಗಲಿಗೇರಿಸಿ ಎದ್ದು ನಾಲ್ಕು ಹೆಜ್ಜೆ ಇಟ್ಟೆ. ಹುಡುಗ ಬರಲಿಲ್ಲ. ತಿರುಗಿ ನೋಡಿದರೆ ಆ ಕಟ್ಟೆಯ ಮುಂದೆ ಮಣಕಾಲೂರಿ ಕೂತಿದ್ದ. ತೊಡೆಯ ಮೇಲೆ ನೋಟುಬುಕ್ಕು ತೆರೆದಿತ್ತು.

“ಆಯಿ, ನಿಮ್ಮ ಹೆಸರೇನ್ರಿ?”

“ನನ್ನ ಹೆಸರ ಯಾಕ ಬೇಕೋ ಮಗಾ?” ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಈ ಮಾತು ಹೇಳಿದವ್ರು ನೀವಲ್ರಿ,” ಎಂದ ಹುಡುಗ, ಪೆನ್ನಿನ ಮುಚ್ಚಳ ತೆಗೆದು ಕಾಯುತ್ತ ಕೂತ.